ಏಳೂವರೆ ಅಡಿಯ ಜಗಲಿ

ಡೊಂಬಿವಲಿ ಪೂರ್ವದ ಕರಾವಳಿ ಸೊಸೈಟಿಯಲ್ಲಿ ಮೂರು ಅಂತಸ್ತು, ಹನ್ನೆರಡು ಮನೆ, ಅಂತಸ್ತಿಗೊಂದು ಜಗಲಿ. ಮನೆಬಾಗಿಲುಗಳ ಮುಂದೆ ಈ ತುದಿಯಿಂದ ಆ ತುದಿಗೆ ಹೋಗುವ ಓಣಿಗೆ ಆ ಊರಿನವರೆಲ್ಲ ಪ್ಯಾಸೇಜ್ ಎನ್ನುತ್ತಾರೆ. ಉಡುಪಿ, ಕಾರ್ಕಳ, ಮೂಡಬಿದಿರೆಯ ಕಡೆಯಿಂದ ಬಂದು ಇಲ್ಲಿ ನೆಲೆ ಕಂಡ ಈ ಹನ್ನೆರಡು ಮನೆಯವರು ಮಾತ್ರ ಮೊದಲ ದಿನದಿಂದಲೂ ಅದನ್ನು ಜಗಲಿ ಎಂದೇ ಕರೆದರು. ಬೇರೆ ಕಟ್ಟಡಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಇಲ್ಲಿ ಹಾಗಲ್ಲ. ಬೆಳಗಿನ ಬಿಸಿಲಿಗೆ ಒಂದು ಬದಿಯಲ್ಲಿ ಹಪ್ಪಳ ಒಣಗುತ್ತಿದ್ದರೆ ಇನ್ನೊಂದು ಬದಿಯಲ್ಲಿ ಆಫೀಸಿಗೆ ಹೊರಟವರು ಧಾರಾಳವಾಗಿ ನಡೆದುಹೋಗುತ್ತಾರೆ. ಶನಿವಾರ ಸಂಜೆ ಭಜನೆಗೆ ಚಾಪೆ ಹಾಸಿದರೆ ತಾಳ ಹಾಕುವವರ ಮೊಣಕೈ ಯಾರಿಗೂ ತಾಗುವುದಿಲ್ಲ. ದೇವರು ಕೊಟ್ಟ ಗಾಳಿಯನ್ನು ನಾವು ಅಳೆಯುವುದಿಲ್ಲವಲ್ಲ, ಹಾಗೆಯೇ ಈ ಜಗಲಿಯನ್ನೂ ನಲವತ್ತಾರು ವರ್ಷ ಯಾರೂ ಅಳೆದಿರಲಿಲ್ಲ.

ಅಳೆದವಳು ರಮಿತಾ. ಎರಡನೆಯ ಅಂತಸ್ತಿನ ಏಳನೇ ನಂಬರಿನಲ್ಲಿ ಹುಟ್ಟಿ ಇದೇ ಜಗಲಿಯಲ್ಲಿ ಅಂಬೆಗಾಲಿಟ್ಟ ಹುಡುಗಿ. ಈಗ ತಂದೆತಾಯಿಯ ಜೊತೆ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಇಪ್ಪತ್ತೆರಡನೆಯ ಮಾಳಿಗೆಯಲ್ಲಿದ್ದಾಳೆ. ಅವಳು ಪಿಎಚ್‌ಡಿಗೆ ಹಿಡಿದ ವಿಷಯ, ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ರೈಲು ಹಳಿಯ ಎರಡೂ ಬದಿಗೆ ಎದ್ದ ಸಣ್ಣ ಸೊಸೈಟಿಗಳ ಚರಿತ್ರೆ. ಹೆಸರುವಾಸಿಯಾದ ಯಾವ ವಾಸ್ತುಶಿಲ್ಪಿಯೂ ಇತ್ತ ತಿರುಗಿ ನೋಡಿರಲಿಲ್ಲ; ಹಾಗಾದರೆ ಈ ಮನೆಗಳ ಆಕಾರವನ್ನು ನಿರ್ಧರಿಸಿದವರು ಯಾರು? ಅವುಗಳಲ್ಲಿ ಬಾಳಿದವರೇ ಎಂಬುದು ರಮಿತಾಳ ವಾದ. ಆ ವಾದಕ್ಕೆ ದೊಡ್ಡ ಆಧಾರ ತಾನು ಹುಟ್ಟಿದ ಕಟ್ಟಡವೇ ಎಂದು ಅವಳಿಗೆ ಗೊತ್ತಾದದ್ದು ನಗರಪಾಲಿಕೆಯ ಹಳೆಯ ಕಡತದಲ್ಲಿ ಮಂಜೂರಾದ ನಕ್ಷೆ ಸಿಕ್ಕಿದಾಗ. ನಕ್ಷೆಯಲ್ಲಿ ಜಗಲಿಯ ಅಗಲ ನಾಲ್ಕು ಅಡಿ. ಟೇಪು ಹಿಡಿದು ಅಳೆದರೆ ಏಳೂವರೆ.

ಅವಳು ಹಿಗ್ಗಿಹೋದಳು. ಎರಡು ತಿಂಗಳು ಗ್ರಂಥಾಲಯದಲ್ಲಿ ಕೂತು ನಲವತ್ತು ಪುಟದ ಅಧ್ಯಾಯ ಬರೆದಳು. ಯುದ್ಧ ಮುಗಿದ ಮೇಲೆ ಯುರೋಪಿನ ಕೆಲವು ವಾಸ್ತುಶಿಲ್ಪಿಗಳು ಎತ್ತರದ ಕಟ್ಟಡಗಳ ಒಳಗೇ ಬೀದಿಗಳನ್ನು ಕಟ್ಟುವ ಕನಸು ಕಂಡಿದ್ದರಷ್ಟೆ? ಆ ಕನಸು ಯಾವುದೋ ಪತ್ರಿಕೆಯ ಮೂಲಕ ಡೊಂಬಿವಲಿಯ ಯಾವುದೋ ಇಂಜಿನಿಯರನನ್ನು ತಲುಪಿರಬೇಕು, ನಿವಾಸಿಗಳು ಅದನ್ನು ಮೆಚ್ಚಿರಬೇಕು ಎಂದು ಮೂವತ್ತೊಂದು ಅಡಿಟಿಪ್ಪಣಿಗಳ ಸಮೇತ ಸಾಧಿಸಿದಳು. ಅವಳ ಮಾರ್ಗದರ್ಶಕಿ ಅನಘಾ ಮೇಡಂ ಅಷ್ಟನ್ನೂ ಓದಿ ಕೊನೆಯಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದಿದ್ದರು: 'ಅಲ್ಲಿ ಇರುವವರನ್ನು ಕೇಳಿದೆಯಾ?'

ರಮಿತಾ ಕೇಳಿರಲಿಲ್ಲ. ಹುಟ್ಟಿದ ಮನೆಯ ಬಗ್ಗೆ ಇನ್ನೊಬ್ಬರನ್ನು ಕೇಳುವುದು ಏನಿದೆ ಎಂಬ ಭಾವ.

ಮರುದಿನವೇ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಬಂದಳು. ಎಂಟನೇ ನಂಬರಿನ ಗುಣಪಾಲ ಎಂದಿನಂತೆ ಜಗಲಿಯ ಸೋಫಾದಲ್ಲಿ ಕೂತು ಪೇಪರು ಓದುತ್ತಿದ್ದರು. ಎಪ್ಪತ್ತಾರರ ಪ್ರಾಯ. ಹೋಟೆಲಿನಲ್ಲಿ ಕಪ್ಪು ತೊಳೆಯುವಲ್ಲಿಂದ ಶುರುಮಾಡಿ ಗಲ್ಲಾಪೆಟ್ಟಿಗೆಯವರೆಗೆ ಬಂದವರು; ಸೊಸೈಟಿ ಹುಟ್ಟಿದ ದಿನದಿಂದ ಅದರ ಕಾರ್ಯದರ್ಶಿ.

"ದೊಡ್ಡಪ್ಪ, ನಮ್ಮ ಜಗಲಿ ಇಷ್ಟು ಅಗಲ ಯಾಕೆ?"

ಗುಣಪಾಲರು ಪೇಪರು ಮಡಚಿ ತೊಡೆ ತಟ್ಟಿ ನಕ್ಕರು. "ಅಯ್ಯೋ ಮಾರಾಯ್ತಿ, ಅದು ಊಟದ ಗೆರೆ!"

"ಊಟದ್ದು? ಮತ್ಲಬ್?"

"ಕೂತ್ಕೋ, ಹೇಳ್ತೇನೆ. ಎಪ್ಪತ್ತೊಂಬತ್ತರಲ್ಲಿ ಇಲ್ಲಿ ಭೂಮಿಪೂಜೆ. ಹಿಂದಿನ ದಿನ ಇಂಜಿನಿಯರು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಮನೆ ಬರೆದು ಹೋಗಿದ್ದ. ಜಗಲಿಗೆ ಹೊರಗಿಂದೊಂದು ಗೆರೆ, ನಾಲ್ಕಡಿ ಒಳಗೆ ಇನ್ನೊಂದು. ಪೂಜೆ ಮುಗೀತು, ಊಟಕ್ಕೆ ಅರುವತ್ತು ಎಲೆ. ಹೋಟೆಲಿನವರಿಗೆ ಸೊಟ್ಟ ಪಂಕ್ತಿ ಕಂಡ್ರೆ ಜ್ವರ ಬರ್ತದೆ ನೋಡು. ಒಂದು ಸಾಲನ್ನು ಇಂಜಿನಿಯರನ ಹೊರಗೆರೆಗೆ ಬೆನ್ನು ಮಾಡಿ ಕೂರಿಸಿದೆವು. ಎದುರು ಸಾಲಿಗೆ ಗೆರೆ ಬೇಕಲ್ಲ? ಉಳಿದ ಸುಣ್ಣ ನಿನ್ನ ದೊಡ್ಡಮ್ಮನ ಕೈಗೆ ಕೊಟ್ಟು ಎಳಿ ಅಂದೆವು. ಎಳೆದಳು. ನಡುವೆ ಬಡಿಸುವವರ ದಾರಿ. ಇಂಜಿನಿಯರನ ಒಳಗೆರೆ ಇತ್ತಲ್ಲ, ಅದು ಸರಿಯಾಗಿ ಆ ದಾರಿಯಲ್ಲೇ! ಸಾರು ಚೆಲ್ಲಿತು, ಪಾಯಸ ಚೆಲ್ಲಿತು, ಬಡಿಸುವವರ ಕಾಲಿಗೆ ಸಿಕ್ಕಿ ಅದು ಅಳಿಸಿಯೇ ಹೋಯ್ತು. ಮರುದಿನ ಹರಿಶ್ಚಂದ್ರ ಮೇಸ್ತ್ರಿ ಬಂದ. ಉಳಿದದ್ದು ಎರಡೇ ಗೆರೆ. ಪುಣ್ಯಾತ್ಮ, ಊಟದ ಗೆರೆಗೇ ಪಾಯ ತೋಡಿಬಿಟ್ಟ!"

"ಕುಚ್ ಭೀ! ಏನೇನೋ ಹೇಳ್ಬೇಡಿ. ಯಾರೂ ನೋಡಲಿಲ್ವಾ?"

"ನಮಗೆಲ್ಲ ಹೋಟೆಲಿನಲ್ಲಿ ರಜೆ ಸಿಕ್ಕಿ ಬರುವಾಗ ಮೊಣಕಾಲೆತ್ತರ ಕಲ್ಲು ಎದ್ದಾಗಿತ್ತು. ಹನ್ನೆರಡು ಅಡಿಯ ಹಾಲ್ ಎಂಟೂವರೆ ಅಡಿಗೆ ಬಂತು, ಎಲ್ಲರದ್ದೂ. ನೋಡು ಈ ಸೋಫಾ! ಆಸೆಪಟ್ಟು ತಂದದ್ದು, ಒಳಗೆ ಹಾಕಿದ್ರೆ ನಾವು ಹೊರಗೆ ನಿಲ್ಲಬೇಕು."

ಒಳಗಿಂದ ಅವರ ಹೆಂಡತಿ ಉಮಾವತಿ ಎರಡು ಲೋಟ ಚಾ ತಂದರು. "ಆ ಕತೆ ವರ್ಷಕ್ಕೆ ಎಷ್ಟು ಸಲ ಹೇಳ್ತೀರಿ? ಕುಡಿಯಿರಿ, ಆರ್ತದೆ" ಎಂದವರೇ ಒಳಗೆ ಹೋದರು.

ರಮಿತಾ ಚಾ ಗಂಟಲಿಗೆ ಹತ್ತುವಷ್ಟು ನಕ್ಕಳು. ಯುರೋಪಿನ ಮಹಾಶಯರೆಲ್ಲ ಬಾಳೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಂತೆ ಅವಳಿಗೆ ಕಂಡಿತು. ಆ ನಗು ಠಾಣೆ ಮುಟ್ಟುವವರೆಗೂ ಇತ್ತು.

ತಲಾವ್‌ಪಾಳಿ ಕೆರೆಯ ಎದುರಿನ ಮನೆಯಲ್ಲಿ ಅನಘಾ ಮೇಡಂ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, ಮರಾಠಿಯಲ್ಲಿ, ಮೆಲ್ಲಗೆ ಹೇಳಿದರು: "ಆದರೆ ಮಗೂ, ಇದು ನಿನಗೆ ಕಷ್ಟವಾಯಿತು. ಅಲ್ಲಿ ಬಾಳಿದವರು ನಿರ್ಧರಿಸಿದರು ಅನ್ನುವುದು ನಿನ್ನ ವಾದ. ಇಲ್ಲಿ ಯಾರೂ ಏನನ್ನೂ ನಿರ್ಧರಿಸಿಲ್ಲ. ಮೇಸ್ತ್ರಿಯ ಕಣ್ತಪ್ಪನ್ನು ನಾನು ವಿನ್ಯಾಸ ಅಂತ ಒಪ್ಪಿದರೂ ಪರೀಕ್ಷಕರು ಒಪ್ಪುವುದಿಲ್ಲ. ಅಧ್ಯಾಯವನ್ನು ತೆಗೆಯಬೇಕಾಗುತ್ತದೆ."

"ಅದನ್ನು ತೆಗೆದರೆ ಉಳಿದದ್ದು ನಿಲ್ಲುವುದಿಲ್ಲ, ಮೇಡಂ."

"ಗೊತ್ತು. ತಿಂಗಳ ಕೊನೆಗೆ ಸಲ್ಲಿಸಬೇಕು. ಮೂರು ವಾರ ಇದೆ. ಯಾರಾದರೂ ಒಬ್ಬರು ತಿಳಿದೂ ತಿಳಿದೂ ಆ ಅಗಲವನ್ನು ಆರಿಸಿದ್ದರು ಅಂತ ತೋರಿಸು. ಒಬ್ಬರ ಬಾಯಿಮಾತು ಸಾಲದು. ಇಬ್ಬರು ಬೇರೆಬೇರೆ ಹೇಳಿದ್ದು ಒಂದೇ ಆಗಿರಬೇಕು."

ರಮಿತಾಳಿಗೆ ಡಿಗ್ರಿಯ ಚಿಂತೆ ಒಂದೇ ಆಗಿದ್ದರೆ ಹೇಗೋ ನಿದ್ದೆ ಬರುತ್ತಿತ್ತು. ದೀಪಾವಳಿ ಕಳೆದ ಮೇಲೆ ಕರಾವಳಿ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುತ್ತದೆ; ಕೆಡವಿದ ಮೇಲೆ ಆ ಜಗಲಿ ಉಳಿಯುವುದು ತಾನು ಬರೆದಿಟ್ಟ ಕಾಗದದಲ್ಲಿ ಮಾತ್ರ. ಅಲ್ಲಿಯೂ ಅದು ಯಾರೋ ಮಾಡಿದ ತಪ್ಪಾಗಿ ಉಳಿಯಬೇಕೆ?

ಹರಿಶ್ಚಂದ್ರ ಮೇಸ್ತ್ರಿ ಇನ್ನೂ ಇದ್ದಾರೆಂದು ತಿಳಿದದ್ದು ನಾಲ್ಕು ಕಡೆ ವಿಚಾರಿಸಿದ ಮೇಲೆ. ಕಲ್ಯಾಣದಲ್ಲಿ, ದುರ್ಗಾಡಿ ಕೋಟೆಯ ಕೆಳಗೆ, ಖಾಡಿಯ, ಎಂದರೆ ಕಡಲ ಹಿನ್ನೀರಿನ, ಗಾಳಿ ನೇರ ಅಂಗಳಕ್ಕೆ ಬೀಸುವ ಹೆಂಚಿನ ಮನೆ. ಎಂಬತ್ತೊಂದರ ಮುದುಕ ಕಟ್ಟೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸಿ ಅಂಗಿಯ ಗುಂಡಿ ಹೊಲಿಯುತ್ತಿದ್ದರು. ಅವತ್ತು ಸೋಮವಾರ, ಹೆಂಡತಿ ಅಂಬರನಾಥದ ಶಿವನಿಗೆ ಬಿಲ್ವಪತ್ರೆ ಕೊಡಲು ಹೋಗಿದ್ದಾಳೆ, ಚಾ ಮಾಡುವವರಿಲ್ಲ ಎಂದು ತಾವೇ ನಾಚಿಕೊಂಡರು. ರಮಿತಾ ಮರಾಠಿಯಲ್ಲಿ ವಿಷಯ ತಿಳಿಸಿದಳು.

"ಊಟದ ಗೆರೆಯಾ? ಹೌದು ಪೋರಿ, ತಪ್ಪು ನನ್ನದೇ. ಬರೆದುಕೋ."

"ಕಾಕಾ, ಅಷ್ಟು ವರ್ಷ ಪಾಯ ಹಾಕಿದವರು ನೀವು. ನಾಲ್ಕಕ್ಕೂ ಏಳೂವರೆಗೂ ವ್ಯತ್ಯಾಸ ಕಾಣಲಿಲ್ಲವಾ?"

ಮುದುಕ ಖಾಡಿಯ ಕಡೆ ನೋಡಿದರು. "ಆಗ ನನ್ನ ಕಣ್ಣು ಸರಿ ಇರಲಿಲ್ಲ."

ರಮಿತಾ ಅವರ ಕೈಯ ಸೂಜಿಯನ್ನು ನೋಡಿದಳು. ಕನ್ನಡಕವಿಲ್ಲದ ಮುಖವನ್ನೂ ನೋಡಿದಳು. ಏಳುವಾಗ ಅವರೇ ಕೇಳಿದರು: "ಆ ವಹಿನಿ ಚೆನ್ನಾಗಿದ್ದಾರಾ, ಗೆರೆ ಎಳೆದವರು?" ವಹಿನಿ ಎಂದರೆ ಅತ್ತಿಗೆ.

ಅದೇ ಸಂಜೆ ಅವಳು ಡೊಂಬಿವಲಿಯಲ್ಲಿ ಇಳಿದಳು. ಗುಣಪಾಲರು ವಾಕಿಂಗಿಗೆ ಹೋಗಿದ್ದರು. ಉಮಾವತಿ ಹೊಸ್ತಿಲ ಬಳಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ರಮಿತಾ ಅವರ ಪಕ್ಕದಲ್ಲಿ, ಸಣ್ಣವಳಿದ್ದಾಗ ಕೂರುತ್ತಿದ್ದ ಹಾಗೆ, ಮೊಣಕಾಲು ಕಟ್ಟಿಕೊಂಡು ಕೂತಳು.

"ಎಂತ ಆಯ್ತು ಮಗಾ? ಮುಖ ಯಾಕೆ ಹಾಗೆ?"

ರಮಿತಾ ಎಲ್ಲವನ್ನೂ ಹೇಳಿದಳು. ಅಧ್ಯಾಯ ಹೋಗುವುದನ್ನೂ ಹೇಳಿದಳು. "ಮೇಸ್ತ್ರಿ ಕಾಕಾ ಭೀ ಅದೇ ಹೇಳಿದರು ದೊಡ್ಡಮ್ಮ. ತಪ್ಪು ನನ್ನದೇ, ಬರೆದುಕೋ ಅಂತ. ನೀವು ಹೇಗಿದ್ದೀರಿ ಅಂತ ಕೇಳಿದರು."

ಉಮಾವತಿಯ ಕೈ ನಿಂತಿತು. ಅರ್ಧ ಹೊಸೆದ ಬತ್ತಿ ಬೆರಳ ನಡುವೆಯೇ ಇತ್ತು.

"ಇನ್ನೂ ಹಾಗೇ ಹೇಳ್ತಾರಾ ಅವರು?"

"ಹಾಗೇ ಅಂದರೆ?"

ಉಮಾವತಿ ಒಳಗೆ ದೇವರ ಪಟದ ಕಡೆ ಒಮ್ಮೆ ನೋಡಿದರು. ಒಪ್ಪಿಗೆ ಕೇಳಿದಂತಿತ್ತು.

"ತಪ್ಪು ಅವರದ್ದಲ್ಲ ಮಗಾ. ತಪ್ಪೇ ಅಲ್ಲ ಅದು. ನಾನು ಹೇಳಿದ್ದು."

ಕೆಳಗೆ ರಸ್ತೆಯಲ್ಲಿ ರಿಕ್ಷಾದ ಹಾರನ್ನು. ರಮಿತಾ ಇನ್ನಷ್ಟು ಹತ್ತಿರ ಸರಿದಳು.

"ನನ್ನ ಮದುವೆ ಆದದ್ದು ಇಲ್ಲೇ, ಸ್ಟೇಷನ್ನಿನ ಹತ್ತಿರದ ಚಾಳಿನಲ್ಲಿ. ಜಾಗ ಇರಲಿಲ್ಲ. ಒಂದು ಸಲಕ್ಕೆ ಹದಿನೈದು ಎಲೆ, ನಾಲ್ಕು ಪಂಕ್ತಿ. ಹೆಣ್ಣಿನ ಕಡೆಯವರಲ್ವಾ, ಅಪ್ಪ ಎಲ್ಲರನ್ನೂ ಕೂರಿಸಿ ಕೊನೆಗೆ ಕೂತರು. ಆಗ ಸಾರು, ಅನ್ನ ಬಿಟ್ರೆ ಎಂತದೂ ಉಳಿದಿರಲಿಲ್ಲ. ಕಾರ್ಕಳದಿಂದ ಬಂದವರು, ಮಗಳ ಮದುವೆಯಲ್ಲಿ ಬರೀ ಸಾರು ಉಂಡು ಕೈತೊಳೆದರು. ನಗ್ತಾನೇ ಎದ್ದರು. ಆ ಭೂಮಿಪೂಜೆಯ ದಿನ ಉಂಟಲ್ಲ, ಅರುವತ್ತು ಜನ ಒಂದೇ ಸಲ ಕೂತರು. ಕಾಯ್ತಾ ನಿಂತವರು ಯಾರೂ ಇಲ್ಲ. ಈ ಊರಲ್ಲಿ ಹಾಗೆ ಕೂತದ್ದನ್ನು ನಾನು ಅವತ್ತೇ ಮೊದಲು ಕಂಡದ್ದು."

"ಆಮೇಲೆ?"

"ಮರುದಿನ ಬೆಳಿಗ್ಗೆ ಪಾತ್ರೆ ಒಟ್ಟು ಮಾಡ್ಲಿಕ್ಕೆ ಹೋದೆ. ಮೇಸ್ತ್ರಿ ಕೋಲು ಹಿಡಿದು ಅಳೀತಾ ನಿಂತಿದ್ರು. ವಹಿನಿ, ಇಂಜಿನಿಯರ್ ಸಾಹೇಬರು ನಾಲ್ಕಡಿ ಅಂದಿದ್ರು, ಇಲ್ಲಿ ಏಳೂವರೆ ಉಂಟು, ಆ ಗೆರೆ ಎಲ್ಲಿ ಅಂತ ಕೇಳಿದ್ರು. ಎಲ್ಲಿತ್ತು ಅಂತ ನನಗೆ ಗೊತ್ತಿತ್ತು ಮಗಾ. ತೋರಿಸಬಹುದಿತ್ತು. ಇರ್ಲಿ, ಇಷ್ಟೇ ಅಗಲ ಕಟ್ಟಿ ಅಂದೆ. ಮನೆ ಸಣ್ಣ ಆಗ್ತದೆ ಅಂದ್ರು. ಆಗ್ಲಿ, ನನ್ನದೂ ಆಗ್ತದಲ್ವಾ ಅಂದೆ. ಮತ್ತೆ ಹೆದರಿಕೆ ಆಯ್ತು. ನಿಮ್ಮ ದೊಡ್ಡಪ್ಪ ಕಾರ್ಯದರ್ಶಿ. ಹೆಂಡತಿ ಹೀಗೆ ಮಾಡಿದ್ಲು ಅಂತ ಆದ್ರೆ ಹನ್ನೊಂದು ಮನೆಯವರ ಮುಂದೆ ಅವರಿಗೆ ತಲೆ ಎತ್ತಲಿಕ್ಕುಂಟಾ? ಮೇಸ್ತ್ರಿ ನಕ್ಕರು. ಬೈಸಿಕೊಳ್ಳುವುದು ನನ್ನ ಕೆಲಸದಲ್ಲೇ ಬರ್ತದೆ ವಹಿನಿ, ನೀವು ಮನೆಗೆ ಹೋಗಿ ಅಂದ್ರು. ಪೂಜೆಯ ತೆಂಗಿನಕಾಯಿ ಮುಟ್ಟಿ ಯಾರಿಗೂ ಹೇಳುವುದಿಲ್ಲ ಅಂದ್ರು."

"ಏ ಉಮಾ!"

ಇಬ್ಬರೂ ಬೆಚ್ಚಿ ತಿರುಗಿದರು. ಮೆಟ್ಟಿಲ ಬಾಯಲ್ಲಿ ಗುಣಪಾಲರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನಲವತ್ತಾರು ವರ್ಷ! ನಲವತ್ತಾರು ವಾರ್ಷಿಕ ಸಭೆಯಲ್ಲಿ ನಾನು ಎದ್ದು ನಿಂತು ಆ ಮೇಸ್ತ್ರಿಯ ಕತೆ ಹೇಳಿದ್ದೇನೆ. ನೀನು ಪಕ್ಕದಲ್ಲಿ ನಿಂತು ಚಾ ಕೊಡ್ತಾ ಇದ್ದಿ!"

"ಮತ್ತೆ? ಕತೆ ನಿಮ್ಮದು, ಚಾ ನನ್ನದು."

"ನನ್ನ ಸೋಫಾ..."

"ಸೋಫಾ ಒಳಗಿದ್ದಿದ್ರೆ ನಿಮ್ಮ ಹತ್ರ ಯಾರು ಮಾತಾಡ್ಲಿಕ್ಕೆ ಬರ್ತಿದ್ರು ಹೇಳಿ? ಹೊರಗುಂಟು ಅಂತ ಮೂರು ಮಾಳಿಗೆಯವರೂ ಬಂದು ಕೂತು ಹೋಗ್ತಾರೆ."

ಗುಣಪಾಲರು ಸೋಫಾದ ಕಡೆ ತಿರುಗಿದರು. ಜಗಲಿಯನ್ನು ಆ ತುದಿಯವರೆಗೆ ಒಮ್ಮೆ ನೋಡಿದರು. ಅವರ ಮೂವರು ಮಕ್ಕಳ ಮದುವೆಯ ಊಟ ನಡೆದದ್ದು ಇಲ್ಲಿ. ಒಬ್ಬರೂ ಎರಡನೇ ಪಂಕ್ತಿಗೆ ಕಾದದ್ದಿಲ್ಲ. ಅದು ನೆನಪಾಯಿತೋ ಏನೋ, ಮೊದಲು ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೆಂಡತಿಗೆ ಎರಡೂ ಕೈ ಎತ್ತಿ ಮುಗಿದರು. ಉಮಾವತಿ "ಥೂ, ಹುಡುಗಿ ನೋಡ್ತಾಳೆ" ಎಂದು ಸೆರಗು ಬಾಯಿಗಿಟ್ಟರು.

ಆದರೆ ಅನಘಾ ಮೇಡಂ ಕೇಳಿದ್ದು ಎರಡು ಬಾಯಿ. ರಮಿತಾ ಫೋನಿನಲ್ಲಿ ಎಲ್ಲವನ್ನೂ ಹೇಳಿದಾಗ ಮೇಡಂ ಅಂದರು, "ನೀನು ಮೇಸ್ತ್ರಿಗೆ ಏನನ್ನೂ ತಿಳಿಸಬೇಡ. ನಾನೇ ಬಂದು ಒಬ್ಬಳೇ ಕೂತು ಕೇಳುತ್ತೇನೆ."

ಭಾನುವಾರ ಬೆಳಿಗ್ಗೆ ಗುಣಪಾಲ, ಉಮಾವತಿ, ರಮಿತಾ ಕಲ್ಯಾಣದಲ್ಲಿ ಇಳಿದಾಗ ಅನಘಾ ಮೇಡಂ ಠಾಣೆಯ ಗಾಡಿಯಲ್ಲಿ ಬಂದು ಕಾಯುತ್ತಿದ್ದರು. ಉಮಾವತಿ ಬಾಳೆಎಲೆಯಲ್ಲಿ ಸುತ್ತಿದ ಪತ್ರೊಡೆ ಕಟ್ಟಿ ತಂದಿದ್ದರು. ಹರಿಶ್ಚಂದ್ರರ ಮನೆಯ ಅಂಗಳ ಬರುವ ಮೊದಲೇ ಮೇಡಂ ಮೂವರನ್ನೂ ಬೇಲಿಯ ಹೊರಗೆ ನಿಲ್ಲಿಸಿ, ಉಮಾವತಿಯನ್ನು ಕೇಳಿದರು: "ಒಂದೇ ಮಾತು ಹೇಳಿ, ನಾನು ಅವರಿಗೆ ಮುಟ್ಟಿಸುತ್ತೇನೆ. ಏನು ನಡೆಯಿತೆಂದು ಹೇಳುವುದು ಬೇಡ."

ಉಮಾವತಿ ತಮ್ಮ ಡೊಂಬಿವಲಿ ಮರಾಠಿಯಲ್ಲಿ ಹೇಳಿದರು: "ತೆಂಗಿನಕಾಯಿ ಮುಟ್ಟಿ ಕೊಟ್ಟ ಮಾತಿನಿಂದ ವಹಿನಿ ಅವರನ್ನು ಬಿಡಿಸಿದ್ದಾರೆ ಅಂತ ಹೇಳಿ."

ಮೇಡಂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆಮೇಲೆ ಮೇಸ್ತ್ರಿಯ ಹೆಂಡತಿ ಚಂದ್ರಬಾಯಿ ಹೊರಗೆ ಬಂದು, ಬೇಲಿಯಾಚೆ ನಿಂತ ನೆಂಟರನ್ನು ಕಂಡು "ಅಯ್ಯ, ಬಿಸಿಲಲ್ಲಿ ಯಾಕೆ, ಬಸಾ ಬಸಾ" ಎಂದು ಅಂಗಳದ ಕಟ್ಟೆಯ ಮೇಲೆ ಕೂರಿಸಿದಳು. ಚಾ ಕೊಟ್ಟಳು. ಗುಣಪಾಲರು ಬಾಗಿಲ ಕಡೆ ಕಿವಿ ಕೊಟ್ಟು ಎರಡು ಸಲ ಉಮಾವತಿಯಿಂದ ಗದರಿಸಿಕೊಂಡರು. ರಮಿತಾಳಿಗೆ ಒಂದೇ ಚಿಂತೆ. ಮುದುಕರಿಗೆ ಮರೆತುಹೋಗಿದ್ದರೆ? ಮಾತಿನಿಂದ ಬಿಡಿಸಿದರೂ ಬೇಡವೆಂದು ಬಾಯಿ ಮುಚ್ಚಿದರೆ?

ಚಂದ್ರಬಾಯಿ ಉಮಾವತಿಯ ಮುಖವನ್ನು ನೋಡುತ್ತಲೇ ಇದ್ದಳು. ನೋಡಿ ನೋಡಿ ಒಮ್ಮೆಲೇ ಕೈ ಹಿಡಿದುಕೊಂಡಳು.

"ನೀವು ಡೊಂಬಿವಲಿಯ ವಹಿನಿ ಅಲ್ಲವಾ? ನನ್ನನ್ನು ನಡುವೆ ನಡೆಸಿದವರು!"

"ನಡೆಸಿದ್ದಾ? ನಾನಾ?"

"ಅಗೋ, ಮರೆತಿರಾ! ನಾನು ಆಗ ಹೊಸ ಮದುಮಗಳು, ಇವರ ಕೈಕೆಳಗೇ ಗಾರೆ ಹೊರುತ್ತಿದ್ದೆ. ಅಷ್ಟು ಅಗಲ ಬೇಕಾ, ಆರು ಸಾಕಾಗದಾ ಅಂತ ಇವರು ಕೇಳಿದರು. ನೀವು ಒಂದು ಗೆರೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿರಿ. ಇವರನ್ನು ಎದುರಿನ ಗೆರೆಗೆ ಕೂರಿಸಿದಿರಿ. ಇಬ್ಬರ ಮುಂದೆಯೂ ಒಂದೊಂದು ಎಲೆ. ಮತ್ತೆ ನನ್ನನ್ನು ಕರೆದು, ತಂಗೀ, ಬುಟ್ಟಿ ತಲೆ ಮೇಲಿಟ್ಟುಕೊಂಡು ನಡುವೆ ನಡಿ ಅಂದಿರಿ. ನಡೆದೆ. ಆರು ಅಡಿಗೆ ಇವರನ್ನು ಮುಂದೆ ಜರುಗಿಸಿ ಇನ್ನೊಮ್ಮೆ ನಡೆಸಿದಿರಿ, ಎಲೆ ತುಳಿದೆ. ಏಳಕ್ಕೆ ನನ್ನ ಸೀರೆಯ ಅಂಚು ಎಲೆಗೆ ತಾಗಿತು. ಏಳೂವರೆಗೆ ಯಾರಿಗೂ ತಾಗಲಿಲ್ಲ. ಆಗ ನೀವು ಸರಿ ಅಂದಿರಿ."

ಉಮಾವತಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ದೇವರೇ, ಹೌದಲ್ಲಾ! ಅದು ನನಗೆ ಪೂರ್ತಿ ಮರೆತೇಹೋಗಿತ್ತು."

ಬಾಗಿಲು ತೆರೆಯಿತು. ಅನಘಾ ಮೇಡಂ ಹೊಸ್ತಿಲಲ್ಲಿ ನಿಂತಿದ್ದರು, ಟಿಪ್ಪಣಿ ಪುಸ್ತಕ ಎದೆಗೆ ಒತ್ತಿಕೊಂಡು. ಇಪ್ಪತ್ತೈದು ವರ್ಷ ಪಾಠ ಮಾಡಿದ ಆ ಹೆಂಗಸಿನ ಮುಖದಲ್ಲಿ ಶಾಲೆಯ ಹುಡುಗಿಯ ಸಂಭ್ರಮವಿತ್ತು.

"ರಮಿತಾ, ಇವರು ಒಂದು ಬುಟ್ಟಿ, ಎರಡು ಎಲೆ, ಮೂರು ಅಳತೆ ಹೇಳುತ್ತಿದ್ದಾರೆ. ಆರು, ಏಳು, ಏಳೂವರೆ. ನಾನು ಕನಸು ಕಾಣುತ್ತಿಲ್ಲ ತಾನೆ?"

"ಇಲ್ಲ ಮೇಡಂ. ನಡುವೆ ನಡೆದವರು ಇವರೇ!" ರಮಿತಾ ಚಂದ್ರಬಾಯಿಯನ್ನು ಮುಂದೆ ತಳ್ಳಿದಳು.

ಮೇಡಂ ಕಟ್ಟೆಯ ಮೇಲೆ ಕುಸಿದು ಕೂತರು. "ಕಾಲೇಜಿನಲ್ಲಿ ಇದನ್ನೇ ನಾವು ಐದು ವರ್ಷ ಕಲಿಸುತ್ತೇವೆ. ಮನುಷ್ಯರನ್ನು ನಿಲ್ಲಿಸಿ, ಕೂರಿಸಿ, ನಡೆಸಿ ನೋಡು, ಆಮೇಲೆ ಗೆರೆ ಎಳೆ ಅಂತ. ಯಾರೂ ಮಾಡುವುದಿಲ್ಲ. ಇದು ವಿನ್ಯಾಸ ಅಲ್ಲದಿದ್ದರೆ ಇನ್ನಾವುದೂ ಅಲ್ಲ. ಅಧ್ಯಾಯ ಇರುತ್ತದೆ. ಹೊಸದಾಗಿ ಬರೆ."

ಅವರ ಹಿಂದಿನಿಂದ ಹರಿಶ್ಚಂದ್ರ ಮೇಸ್ತ್ರಿ ಹೊರಗೆ ಬಂದರು. ಗುಣಪಾಲರು ಎದ್ದು ಎದುರು ಹೋದರು. ಏನೋ ದೊಡ್ಡ ಮಾತು ಆಡಬೇಕೆಂದು ರೈಲಿನಲ್ಲಿ ಸಿದ್ಧಮಾಡಿಕೊಂಡಿದ್ದರು, ಬಾಯಿಗೆ ಬಂದದ್ದು ಮಾತ್ರ, "ಮೇಸ್ತ್ರಿ, ನನ್ನ ಮನೆಯೊಳಗೆ ನನಗೆ ಗೊತ್ತಿಲ್ಲದ ಸುದ್ದಿ ಇನ್ನೂ ಏನೇನು ಉಂಟು? ಒಂದೇ ಸಲಕ್ಕೆ ಹೇಳಿಬಿಡಿ."

"ಅಷ್ಟೇ ಸೇಠ್" ಎಂದರು ಮೇಸ್ತ್ರಿ ನಗುತ್ತ. "ನೀವು ಬೈದದ್ದು ಒಳ್ಳೆಯದೇ ಆಯಿತು. ಊಟದ ಮೇಸ್ತ್ರಿ ಅಂತ ಹೆಸರು ಬಿದ್ದ ಮೇಲೆ ಇಡೀ ಡೊಂಬಿವಲಿಗೆ ನನ್ನ ಗುರುತು ಹತ್ತಿತು. ಜಗಲಿ ಅಗಲ ಬೇಕಾದವರೆಲ್ಲ ನನ್ನನ್ನೇ ಕರೆದರು."

"ಎಷ್ಟು ಕಟ್ಟಡ ಕಾಕಾ?" ರಮಿತಾಳ ಧ್ವನಿ ಏರಿತು.

"ಒಂಬತ್ತೋ ಹತ್ತೋ. ಠಾಕುರ್ಲಿಯಲ್ಲಿ ಮೂರು ಇವೆ. ಕರೆದುಕೊಂಡು ಹೋಗಿ ತೋರಿಸುತ್ತೇನೆ."

ರಮಿತಾ ಅನಘಾ ಮೇಡಂ ಕಡೆ ನೋಡಿದಳು. ಮೇಡಂ ಒಂದು ಬೆರಳೆತ್ತಿದರು. "ಮೊದಲು ಇದನ್ನು ಅಳೆದುಕೋ. ಈಗಲೇ, ಮೂವರೂ ಎದುರಿಗಿರುವಾಗ."

ಹೀಗೆ ಕಲ್ಯಾಣದ ಆ ಅಂಗಳದಲ್ಲಿ, ಖಾಡಿಯ ಗಾಳಿಯಲ್ಲಿ, ಗುಣಪಾಲರು ಟೇಪಿನ ಒಂದು ತುದಿ ಹಿಡಿದರು. ಎಪ್ಪತ್ತರ ಉಮಾವತಿ ನೆಲದ ಮೇಲೆ ಕೂತರು. ಎಂಬತ್ತೊಂದರ ಹರಿಶ್ಚಂದ್ರರು ಗೋಡೆ ಹಿಡಿದು ಎದುರಿಗೆ ಕೂತರು. ಪತ್ರೊಡೆ ಸುತ್ತಿದ್ದ ಬಾಳೆಎಲೆಯನ್ನು ಬಿಡಿಸಿ ಎರಡು ಮಾಡಿ ಮುಂದಿಟ್ಟರು. ರಮಿತಾ ಮಂಡಿಯೂರಿ ಕಾಗದದ ಮೇಲೆ ಬರೆಯತೊಡಗಿದಳು. ವಾಸ್ತುಶಿಲ್ಪಿಗಳ ನಕ್ಷೆಗಳಲ್ಲಿ ಮನುಷ್ಯರು ಇರುವುದಿಲ್ಲ. ಈ ನಕ್ಷೆಯಲ್ಲಿ ಮೊದಲು ಮನುಷ್ಯರು ಬಂದರು, ಗೋಡೆಗಳು ಆಮೇಲೆ. ಪ್ರತಿಯೊಬ್ಬರ ಪಕ್ಕದಲ್ಲಿ ಅವಳು ಹೆಸರು ಬರೆದಳು.

"ನನ್ನ ಹೆಸರು ಕೊನೆಗೆ ಹಾಕು ಮಗಾ. ಮೇಸ್ತ್ರಿಯವರದ್ದು ಮೊದಲು" ಎಂದರು ಉಮಾವತಿ.

"ನಡೆದವಳದ್ದು ಮೊದಲು" ಎಂದರು ಮೇಸ್ತ್ರಿ. "ನಾವಿಬ್ಬರು ಸುಮ್ಮನೆ ಕೂತದ್ದು."

ಚಂದ್ರಬಾಯಿ ಕಬ್ಬಿಣದ ಬುಟ್ಟಿ ಸಿಗದೆ ಹಿತ್ತಾಳೆಯ ದೊಡ್ಡ ತಟ್ಟೆ ಪರಾತವನ್ನೇ ತಲೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ಇಬ್ಬರ ನಡುವೆ ಹೆಜ್ಜೆ ಹಾಕಿದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಗುಣಪಾಲರು "ಸಾರು, ಸಾರು, ಸಾರು!" ಎಂದು ಬಡಿಸುವವರ ದನಿಯಲ್ಲಿ ಕೂಗಿದರು. ಕೂತವರು ನಕ್ಕು ಅಲುಗಾಡಿದರು, ಟೇಪು ಜಾರಿತು, ಪರಾತ ಓಲಾಡಿತು, ಅಳತೆ ಕೆಟ್ಟಿತು.

"ದೊಡ್ಡಪ್ಪ! ಚುಪ್!" ಎಂದು ರಮಿತಾ ಕಾಗದ ತಿರುವಿ ಹೊಸ ಗೆರೆ ಎಳೆದಳು. ಚಂದ್ರಬಾಯಿ ಹಿಂದಕ್ಕೆ ಹೋಗಿ ಮತ್ತೆ ನಡೆದುಬಂದಳು.